ಅಭಿಲೇಖಾಲಯಕ್ಕೊಂದು ಸೂಚಿ: ಸರ್ಕಾರಿ ಕಚೇರಿಯ ಒಳಗಿದ್ದುಕೊಂಡೇ ಹೊಸ ಪದ್ಧತಿ ತರಲು ಹೊರಟವರಿಗೆ ನನ್ನ ಅನುಭವ

ತಾಲ್ಲೂಕು ಕಚೇರಿಯೊಂದರ ಅಭಿಲೇಖಾಲಯದ, ಅಂದರೆ ಹಳೆಯ ಕಡತಗಳನ್ನು ಇಡುವ ಕೋಣೆಯ, ಪ್ರಭಾರವನ್ನು ಇತ್ತೀಚೆಗಷ್ಟೇ ನನ್ನ ನಂತರ ಬಂದವರಿಗೆ ವಹಿಸಿಕೊಟ್ಟೆ. ಪ್ರಭಾರ ಪಟ್ಟಿಯಲ್ಲಿ ಕಬ್ಬಿಣದ ರ್‍ಯಾಕುಗಳು, ನಕಲು ಅರ್ಜಿಗಳ ವಹಿ, ಬೀಗದ ಕೈಗಳು ಇವುಗಳ ಕೆಳಗೆ ‘ಗ್ರಾಮವಾರು ಕಡತ ಸೂಚಿ, ಮುದ್ರಿತ ಸಂಪುಟಗಳು ಮತ್ತು ಗಣಕ ಪ್ರತಿ’ ಎಂಬ ಒಂದು ಸಾಲು ಹೊಸದಾಗಿ ಸೇರಿದೆ. ಆ ಸಾಲು ಅಲ್ಲಿಗೆ ಬರಲು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಸೂಚಿಯನ್ನು ಸಿದ್ಧಪಡಿಸಲು ಬೇಕಾದ ಸಮಯ ಅದರಲ್ಲಿ ಅರ್ಧಕ್ಕಿಂತಲೂ ಕಡಿಮೆ. ಉಳಿದ ಸಮಯವೆಲ್ಲ ಅದನ್ನು ಕಚೇರಿ ತನ್ನದೆಂದು ಒಪ್ಪಿಕೊಳ್ಳುವಂತೆ ಮಾಡುವುದರಲ್ಲಿ ಕಳೆಯಿತು. ನನ್ನಂತೆ ದ್ವಿತೀಯ ದರ್ಜೆ ಸಹಾಯಕರಾಗಿಯೋ ಗ್ರಾಮ ಆಡಳಿತ ಅಧಿಕಾರಿಯಾಗಿಯೋ ಕೆಲಸ ಮಾಡುತ್ತ, ‘ಇದನ್ನು ಹೀಗೆ ಮಾಡಿದರೆ ಜನರ ಅಲೆದಾಟ ತಪ್ಪುತ್ತದೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು, ಮುಂದೆ ಯಾರನ್ನು ಏನೆಂದು ಕೇಳಬೇಕು ಎಂಬುದು ತಿಳಿಯದೆ ಸುಮ್ಮನಾದವರು ಬಹಳ ಮಂದಿ ಇದ್ದಾರೆ. ಅವರಿಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ತೊಂದರೆ ಏನಿತ್ತು ಎಂಬುದನ್ನು ಮೊದಲು ಹೇಳಬೇಕು. ಭೂಮಿ ಯೋಜನೆಯಿಂದ ಪಹಣಿಯೇನೋ ಗಣಕಕ್ಕೆ ಬಂತು; ಆದರೆ ಅದಕ್ಕೂ ಹಿಂದಿನ ಕೈಬರಹದ ಪಹಣಿ, ಮ್ಯುಟೇಶನ್ (ಹಕ್ಕು ಬದಲಾವಣೆ) ವಹಿ, ಭೂ ಮಂಜೂರಾತಿ ಕಡತ, ಭೂ ನ್ಯಾಯಮಂಡಳಿಯ ಆದೇಶ, ಇನಾಂ ರದ್ದತಿಯ ಕಾಗದಪತ್ರ ಇವೆಲ್ಲವೂ ಅಭಿಲೇಖಾಲಯದ ರುಮಾಲುಗಳಲ್ಲಿಯೇ, ಅಂದರೆ ಬಟ್ಟೆಯಲ್ಲಿ ಸುತ್ತಿದ ಕಟ್ಟುಗಳಲ್ಲಿಯೇ, ಉಳಿದವು. ಹಳೆಯ ಕಾಗದವೆಂದು ಇವನ್ನು ಬದಿಗಿಡುವಂತಿಲ್ಲ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಜಮೀನಿನ ಪರಭಾರೆಯನ್ನು ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ತಮ್ಮ ಹಿರಿಯರಿಗೆ ಮಂಜೂರಾಗಿದ್ದ ಜಮೀನನ್ನು ಮರಳಿ ಕೇಳುವ ಕುಟುಂಬಕ್ಕೆ ಮೂಲ ಮಂಜೂರಾತಿ ಆದೇಶ ಬೇಕು. ಪರಭಾರೆ ಮಾಡಬಾರದೆಂಬ ಷರತ್ತು ಅದರಲ್ಲಿ ಹೇಗಿತ್ತು ಎಂಬುದರ ಮೇಲೆಯೇ ಪ್ರಕರಣ ನಿಲ್ಲುತ್ತದೆ. 1974ರಲ್ಲಿ ಜಾರಿಗೆ ಬಂದ ಭೂ ಸುಧಾರಣಾ ತಿದ್ದುಪಡಿಯ ನಂತರ ನಮೂನೆ 7ರಲ್ಲಿ ಅರ್ಜಿ ಹಾಕಿ ಹಕ್ಕು ಪಡೆದ ಗೇಣಿದಾರರ ಮೊಮ್ಮಕ್ಕಳಿಗೆ ನ್ಯಾಯಮಂಡಳಿಯ ಆದೇಶದ ದೃಢೀಕೃತ ನಕಲು ಬೇಕು. ದರಖಾಸ್ತಿನಲ್ಲಿ ಮಂಜೂರಾದ ಜಮೀನಿಗೆ ಪೋಡಿ (ಅಳೆದು ಬೇರ್ಪಡಿಸಿ ಪ್ರತ್ಯೇಕ ಸಂಖ್ಯೆ ಕೊಡುವುದು) ಆಗಬೇಕಾದವರಿಗೆ ಕಡತದೊಳಗಿನ ನಕ್ಷೆ ಬೇಕು. ಇವರು ನಕಲಿಗೆ ಅರ್ಜಿ ಕೊಟ್ಟಾಗ ಸಿಗುತ್ತಿದ್ದ ಉತ್ತರ ‘ಹುಡುಕುತ್ತಿದ್ದೇವೆ, ಮುಂದಿನ ವಾರ ಬನ್ನಿ’ ಎಂಬ ಮಾತು, ಇಲ್ಲವೇ ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ. ಆ ಹಿಂಬರಹ ನಮಗೆ ಒಂದು ಅರ್ಜಿಯ ವಿಲೇವಾರಿ ಅಷ್ಟೇ. ಅದನ್ನು ಹಿಡಿದುಕೊಂಡು ಹೋದವರಿಗೆ ಅದು ಎರಡು ತಲೆಮಾರಿನ ಸಾಗುವಳಿಯ ಪುರಾವೆ ಇಲ್ಲವಾದಂತೆ.

ಕಡತಗಳು ನಿಜವಾಗಿ ಕಳೆದುಹೋಗಿದ್ದು ಕಡಿಮೆ. ಹುಡುಕುವ ದಾರಿ ಇರಲಿಲ್ಲ. ಒಂದೇ ಮಂಜೂರಾತಿಗೆ ಸಾಗುವಳಿ ಚೀಟಿಯಲ್ಲಿ ಎಲ್‌ಎನ್‌ಡಿ ಎಸ್‌ಆರ್ ಎಂದು ಆರಂಭವಾಗುವ ಒಂದು ಸಂಖ್ಯೆ ಇರುತ್ತದೆ. ಕಡತವನ್ನು ಅಭಿಲೇಖಾಲಯಕ್ಕೆ ಸೇರಿಸಿದಾಗ ಅದರ ಹೊದಿಕೆಯ ಮೇಲೆ ಬೇರೊಂದು ಸಂಖ್ಯೆ ಬೀಳುತ್ತದೆ. ಅರ್ಜಿ ಹಿಡಿದು ಬಂದ ರೈತನಿಗೆ ಗೊತ್ತಿರುವುದು ಸರ್ವೆ ನಂಬರು ಮಾತ್ರ. ಆ ಸರ್ವೆ ನಂಬರು ಕೂಡ ಮಂಜೂರಾದಾಗ ‘45ರ ಪೈಕಿ’ ಎಂದಿದ್ದು, ಪೋಡಿಯಾದ ಮೇಲೆ ಹೊಸ ಸಂಖ್ಯೆ ಪಡೆದಿರಬಹುದು. ಈ ಮೂರನ್ನೂ ಒಂದೇ ಸಾಲಿನಲ್ಲಿ ತೋರಿಸುವ ಪಟ್ಟಿ ನಮ್ಮ ಕಚೇರಿಯಲ್ಲಿ ಎಲ್ಲಿಯೂ ಇರಲಿಲ್ಲ. ಅದು ಇದ್ದದ್ದು ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಗ್ರೂಪ್ ಡಿ ನೌಕರರ ನೆನಪಿನಲ್ಲಿ. ಅವರು ರಜೆಯಲ್ಲಿದ್ದ ದಿನ ಅಭಿಲೇಖಾಲಯಕ್ಕೂ ರಜೆ.

ಕಚೇರಿಯ ಕಡತ ವ್ಯವಸ್ಥೆಯನ್ನು ಒಬ್ಬರೇ ನಿಂತು ಬದಲಿಸಿದ ಉದಾಹರಣೆಗಳು ನಮ್ಮ ದೇಶದಲ್ಲಿವೆ, ಮತ್ತು ಕೆಲಸ ಆರಂಭಿಸುವ ಮೊದಲು ನಾನು ಅವನ್ನು ಓದಿಕೊಂಡದ್ದು ಉಪಯೋಗಕ್ಕೆ ಬಂತು. ಮಹಾರಾಷ್ಟ್ರದ ಅಹಮದ್‌ನಗರದ ಜಿಲ್ಲಾಧಿಕಾರಿಯಾಗಿದ್ದ ಅನಿಲ್ ಕುಮಾರ್ ಲಖೀನಾ ಅವರು 1980ರ ದಶಕದಲ್ಲಿ ತಮ್ಮ ಕಚೇರಿಯ ಕಡತ ನಿರ್ವಹಣೆ ಮತ್ತು ಅಭಿಲೇಖಾಲಯವನ್ನು ಹೊಸದಾಗಿ ಜೋಡಿಸಿದ ರೀತಿ ಇಂದಿಗೂ ‘ಲಖೀನಾ ಪ್ಯಾಟರ್ನ್’ ಎಂದೇ ಹೆಸರಾಗಿದೆ. ನಮ್ಮ ರಾಜ್ಯದಲ್ಲಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದು, ಭೂಮಿ ಕೇಂದ್ರದಲ್ಲಿ ₹15 ಕೊಟ್ಟರೆ ಪಹಣಿ ಕೈಗೆ ಸಿಗುವಂತಾಯಿತು. ಭೂಮಿ ಯೋಜನೆಯ ವಿಷಯದಲ್ಲಿ ಜನ ಗಣಕಯಂತ್ರದ ಮಾತನ್ನೇ ಹೆಚ್ಚು ಆಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು, ತಾಲ್ಲೂಕಿನ ದತ್ತಾಂಶ ಗಣಕಕ್ಕೆ ಏರಿದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸರ್ಕಾರವೇ ಸಾರಿದ್ದು. ಹಳೆಯ ದಾರಿ ಮುಚ್ಚಿದ್ದರಿಂದ ಹೊಸ ದಾರಿ ಉಳಿಯಿತು. ಆದರೆ ಇವರಿಬ್ಬರೂ ಹಿರಿಯ ಅಧಿಕಾರಿಗಳು. ಆದೇಶ ಹೊರಡಿಸುವ ಅಥವಾ ಹೊರಡಿಸುವಂತೆ ಮಾಡುವ ಸ್ಥಾನದಲ್ಲಿದ್ದವರು. ನನ್ನಂತೆ ಒಂದು ಶಾಖೆಯ ಕಡತಗಳನ್ನು ನೋಡಿಕೊಳ್ಳುವ ವಿಷಯ ನಿರ್ವಾಹಕರ ಕೈಯಲ್ಲಿರುವುದು ಟಿಪ್ಪಣಿ ಬರೆಯುವ ಅವಕಾಶ ಮಾತ್ರ. ಅದು ಸಣ್ಣ ಅವಕಾಶವಲ್ಲ ಎಂಬುದು ಈ ಎರಡು ವರ್ಷಗಳಲ್ಲಿ ನನಗೆ ಮನವರಿಕೆಯಾಗಿದೆ.

2023ರಲ್ಲಿ ನಾನು ಒಂದೇ ಒಂದು ಗ್ರಾಮದಿಂದ ಆರಂಭಿಸಿದೆ. ನೀವೂ ಹೀಗೆಯೇ ಮಾಡಿ ಎಂದು ಒತ್ತಿ ಹೇಳುತ್ತೇನೆ. ಗ್ರಾಮ ಚಿಕ್ಕದಿರಬೇಕು, ಆದರೆ ಅದರಲ್ಲಿ ಎಲ್ಲ ಬಗೆಯ ಕಡತಗಳೂ ಇರಬೇಕು: ಮಂಜೂರಾತಿ, ನ್ಯಾಯಮಂಡಳಿ, ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸಲು ಕೋರುವ ನಮೂನೆ 50 ಮತ್ತು 53ರ ಬಗರ್‌ಹುಕುಂ ಅರ್ಜಿಗಳು, ಮ್ಯುಟೇಶನ್. ಆಗ ಮುಂದೆ ಎದುರಾಗುವ ತೊಡಕುಗಳೆಲ್ಲ ಆ ಒಂದು ಗ್ರಾಮದಲ್ಲಿಯೇ ಕಾಣಿಸಿಕೊಳ್ಳುತ್ತವೆ. ರುಮಾಲು ಬಿಚ್ಚಿ, ಧೂಳು ಕೊಡವಿ, ಒಂದೊಂದೇ ಕಡತದ ಹೊದಿಕೆ, ಆದೇಶದ ಹಾಳೆ, ಪುಟಸಂಖ್ಯೆ ನೋಡಿ ಬರೆದುಕೊಳ್ಳುವುದು ನಿಧಾನದ ಕೆಲಸ. ಇಪ್ಪತ್ತು ಕಡತಗಳ ಒಂದು ಕಟ್ಟಿನಲ್ಲಿ ನಾಲ್ಕೈದು ಕಡತಗಳು ಪಕ್ಕದ ಗ್ರಾಮದವು. ಎರಡು ಗ್ರಾಮಗಳ ಹೆಸರು ಒಂದೇ ಆಗಿದ್ದು ಹೋಬಳಿ ಮಾತ್ರ ಬೇರೆ ಇದ್ದದ್ದೇ ಇದಕ್ಕೆ ಕಾರಣ. ವರ್ಷಗಳಿಂದ ‘ಲಭ್ಯವಿಲ್ಲ’ ಎಂದು ಬರೆದುಕೊಟ್ಟಿದ್ದ ಒಂದು ಮಂಜೂರಾತಿ ಕಡತ ಹೀಗೆ ಬೇರೆ ಹೋಬಳಿಯ ಕಟ್ಟಿನಲ್ಲಿ ಸಿಕ್ಕಿದಾಗ, ಅದರ ಅರ್ಜಿದಾರರಿಗೆ ನಾನೇ ದೂರವಾಣಿ ಮಾಡಿದೆ. ಆ ಹಿರಿಯರು ಮೊದಲು ನಂಬಲಿಲ್ಲ. ಮರುದಿನ ಬಂದು ಹೊದಿಕೆಯ ಮೇಲಿದ್ದ ತಮ್ಮ ತಂದೆಯ ಹೆಸರನ್ನು ಬೆರಳಿಟ್ಟು ಓದಿಕೊಂಡರು. ಮುಂದೆ ಬೇಸರವಾದಾಗಲೆಲ್ಲ ನನ್ನನ್ನು ಮತ್ತೆ ಕೆಲಸಕ್ಕೆ ಕೂರಿಸಿದ್ದು ಆ ದಿನ.

ಗಣಕದ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಪ್ರೆಡ್‌ಶೀಟಿನಲ್ಲಿ ಸರ್ವೆ ನಂಬರು 4/2 ಎಂದು ಬರೆದ ಕೂಡಲೇ ಅದು ತಾನಾಗಿ ದಿನಾಂಕವಾಗಿ ಬದಲಾಗುತ್ತದೆ. ಆ ಕಲಂ ಅನ್ನು ಮೊದಲೇ ಪಠ್ಯ ಎಂದು ನಿಗದಿಪಡಿಸದೆ ಒಂದು ಸಾಲನ್ನೂ ತುಂಬಬಾರದು. ಇನ್ನೊಂದು, ಕನ್ನಡದ ಲಿಪಿ ಸಂಕೇತ. ನಮ್ಮ ಕಚೇರಿಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದ ಪಟ್ಟಿಗಳು ಬಹಳ ಇವೆ; ಅವು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಹೆಸರು ಕೊಟ್ಟು ಹುಡುಕಿದರೆ ಸಿಗುವುದಿಲ್ಲ. ಆದುದರಿಂದ ಸೂಚಿಯನ್ನು ಯೂನಿಕೋಡ್‌ನಲ್ಲಿಯೇ ತುಂಬಬೇಕು. ಗ್ರಾಮದ ಹೆಸರನ್ನು ಪ್ರತಿ ಸಲ ಟೈಪಿಸದೆ ಸಿದ್ಧ ಪಟ್ಟಿಯಿಂದ ಆರಿಸುವಂತೆ ಇಟ್ಟರೆ, ಒಂದೇ ಊರು ‘ಹಳ್ಳಿ’ ಎಂದೂ ‘ಹಳ್ಳೀ’ ಎಂದೂ ಎರಡಾಗುವುದು ತಪ್ಪುತ್ತದೆ. 2017–18ರ ಆಯವ್ಯಯದ ನಂತರ ಹೊಸ ತಾಲ್ಲೂಕುಗಳು ರಚನೆಯಾದ ಕಡೆ, ಗ್ರಾಮ ಈಗ ಯಾವ ತಾಲ್ಲೂಕಿನಲ್ಲಿದೆ ಎಂಬುದಕ್ಕೂ ಕಡತ ಯಾವ ಕಚೇರಿಯಲ್ಲಿ ಉಳಿದಿದೆ ಎಂಬುದಕ್ಕೂ ಪ್ರತ್ಯೇಕ ಕಲಂಗಳು ಬೇಕು. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಮತ್ತು ಉರ್ದುವಿನ ದಾಖಲೆಗಳೂ ಇರುವುದರಿಂದ, ಅವನ್ನು ಓದಬಲ್ಲವರು ಸಿಗುವವರೆಗೆ ಕನಿಷ್ಠ ‘ಭಾಷೆ’ ಎಂಬ ಕಲಂನಲ್ಲಿ ಗುರುತಿಸಿ ಇಟ್ಟಿರಿ.

ಒಂದು ಗ್ರಾಮದ ಸೂಚಿ ಮುಗಿದ ಮೇಲೆ ಅದನ್ನು ಶಿರಸ್ತೇದಾರರ ಮುಂದಿಟ್ಟೆ. ಅವರು ಪುಟಗಳನ್ನು ತಿರುವಿ ನೋಡಿ, ಚೆನ್ನಾಗಿದೆ ಎಂದರು. ಅನಂತರ ‘ಇದಕ್ಕೆ ಮೇಲಿನಿಂದ ಆದೇಶ ಏನಾದರೂ ಇದೆಯೇನಮ್ಮ?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಅಡ್ಡಗಾಲು ಹಾಕುವ ಉದ್ದೇಶವಿರಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮಾಡಿದ ಕೆಲಸಕ್ಕೂ ಮಾಡದ ಕೆಲಸಕ್ಕೂ ವಿವರಣೆ ಕೇಳುವವರು ಇರುತ್ತಾರೆ; ಆದೇಶವಿಲ್ಲದೆ ಮಾಡಿದ ಕೆಲಸಕ್ಕೆ ಮಾತ್ರ ಉತ್ತರ ಕೊಡುವುದು ಕಷ್ಟ. ಅವರ ಸೂಚನೆಯಂತೆ ಪ್ರಸ್ತಾವನೆ ತಯಾರಾಗಿ, ತಹಶೀಲ್ದಾರರ ಸಹಿಯೊಂದಿಗೆ, ‘ಅನುಮತಿ ಕೋರಿ’ ಮೇಲಿನ ಕಚೇರಿಗೆ ಹೋಯಿತು. ಹೋದದ್ದು ತಿಂಗಳುಗಟ್ಟಲೆ ಅಲ್ಲಿಯೇ ಕುಳಿತಿತ್ತು. ಇ-ಆಫೀಸ್‌ನಲ್ಲಿ ಕಡತ ಯಾರ ಬಳಿ ಇದೆ ಎಂಬುದು ಕಾಣುತ್ತದೆ. ಅದನ್ನು ಪ್ರತಿದಿನ ಬೆಳಗ್ಗೆ ನೋಡಿ ಮನಸ್ಸು ಕೆಡಿಸಿಕೊಳ್ಳುವುದಷ್ಟೇ ನನ್ನಿಂದ ಆಗುತ್ತಿತ್ತು. ಕೊನೆಗೆ ಮರಳಿ ಬಂದದ್ದು ಮೂರು ಪ್ರಶ್ನೆಗಳೊಂದಿಗೆ: ಇದಕ್ಕೆ ನಿಯಮದ ಆಧಾರವೇನು, ಆರ್ಥಿಕ ಹೊರೆ ಎಷ್ಟು, ಹೆಚ್ಚುವರಿ ಸಿಬ್ಬಂದಿ ಬೇಕೆ.

ಈ ಮೂರಕ್ಕೂ ಉತ್ತರವನ್ನು ಮೊದಲ ಟಿಪ್ಪಣಿಯಲ್ಲಿಯೇ ಬರೆದುಬಿಡುವುದು ಒಳ್ಳೆಯದು, ಏಕೆಂದರೆ ಯಾವ ಹೊಸ ಪದ್ಧತಿಯ ಪ್ರಸ್ತಾವನೆ ಹೋದರೂ ಕೇಳುವುದು ಇವನ್ನೇ. ನಿಯಮದ ಆಧಾರ ಹುಡುಕುವುದು ನಾನು ಎಣಿಸಿದ್ದಕ್ಕಿಂತ ಸುಲಭವಾಯಿತು. 2005ರ ಮಾಹಿತಿ ಹಕ್ಕು ಅಧಿನಿಯಮದ 4(1)(ಎ) ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಹಿತ, ಮಾಹಿತಿ ಪಡೆಯಲು ಅನುಕೂಲವಾಗುವ ರೀತಿಯಲ್ಲಿ ಇಡಬೇಕೆಂದು ಹೇಳುತ್ತದೆ. ಅರ್ಜಿ ಬಂದಾಗ ಮಾಹಿತಿ ಕೊಡುವ ಭಾಗವನ್ನೇ ನಾವೆಲ್ಲ ಮಾಹಿತಿ ಹಕ್ಕು ಎಂದುಕೊಂಡಿದ್ದೇವೆ. ಅದರ ಮೊದಲ ಕರ್ತವ್ಯವೇ ಸೂಚಿ. ಎಂದ ಮೇಲೆ ನನ್ನ ಪ್ರಸ್ತಾವನೆಯಲ್ಲಿದ್ದದ್ದು ಹೊಸ ಯೋಜನೆಯಲ್ಲ, ಬಹಳ ಹಿಂದೆಯೇ ಆಗಬೇಕಿದ್ದ ಶಾಸನಬದ್ಧ ಕೆಲಸ. ಟಿಪ್ಪಣಿಯನ್ನು ಹಾಗೆಯೇ ತಿದ್ದಿ ಬರೆದೆವು. ನಿಮ್ಮ ಯೋಚನೆ ಯಾವುದೇ ಇರಲಿ, ಅದನ್ನು ಈಗಾಗಲೇ ವಿಧಿಸಿರುವ ಕಾಯ್ದೆ, ನಿಯಮ ಅಥವಾ ಸುತ್ತೋಲೆ ಎಲ್ಲೋ ಒಂದು ಕಡೆ ಇದ್ದೇ ಇರುವ ಸಾಧ್ಯತೆ ಹೆಚ್ಚು. ಅದನ್ನು ಹುಡುಕಲು ಒಂದು ವಾರ ಕೊಡುವುದು, ‘ನವೀನ ಪ್ರಯತ್ನ’ ಎಂದು ಬರೆದು ತಿಂಗಳುಗಟ್ಟಲೆ ಕಾಯುವುದಕ್ಕಿಂತ ಮೇಲು. ಹೊಸತು ಎಂದರೆ ಕಚೇರಿ ಹಿಂಜರಿಯುತ್ತದೆ. ಬಾಕಿ ಉಳಿದ ಕರ್ತವ್ಯ ಎಂದರೆ ಒಪ್ಪಿಕೊಳ್ಳುತ್ತದೆ.

ಇನ್ನೊಂದು ವಿಷಯವನ್ನು ನಮ್ಮ ತಹಶೀಲ್ದಾರರೇ ತಿಳಿಸಿಕೊಟ್ಟರು. ಕಚೇರಿಯ ಒಳಗಿನ ಕೆಲಸ ಹಂಚಿಕೆ ಮತ್ತು ದಾಖಲೆಗಳ ಜೋಡಣೆಯನ್ನು ಕಚೇರಿ ಮುಖ್ಯಸ್ಥರು ತಮ್ಮ ಹಂತದಲ್ಲಿಯೇ ಕಚೇರಿ ಆದೇಶದ ಮೂಲಕ ಮಾಡಬಹುದು. ಅದಕ್ಕೆ ಮೇಲಿನ ಅನುಮತಿಗೆ ಕಾಯಬೇಕಾಗಿಲ್ಲ, ತಿಳಿವಳಿಕೆಗಾಗಿ ಪ್ರತಿ ಕಳಿಸಿದರೆ ಸಾಕು. ಹಣ, ಹುದ್ದೆ, ಹೊಸ ತಂತ್ರಾಂಶ ಇವುಗಳಲ್ಲಿ ಯಾವುದನ್ನೂ ಕೇಳದ ಪ್ರಸ್ತಾವನೆಗೆ ಈ ದಾರಿ ತೆರೆದಿರುತ್ತದೆ. ಹಾಗಾಗಿಯೇ ನಾವು ಹೊಸ ತಂತ್ರಾಂಶದ ಯೋಚನೆಯನ್ನು ಬಿಟ್ಟು, ಕಚೇರಿಯಲ್ಲಿದ್ದ ಗಣಕ ಮತ್ತು ಸ್ಪ್ರೆಡ್‌ಶೀಟಿಗೇ ನಿಂತೆವು. ಸ್ವಂತ ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಬೇಡ. ಸಾರ್ವಜನಿಕ ದಾಖಲೆಯ ವಿವರ ನೌಕರರ ಮನೆಗೆ ಹೋಯಿತು ಎಂಬ ಒಂದು ದೂರು ಸಾಕು, ಎಲ್ಲವೂ ನಿಂತುಹೋಗುತ್ತದೆ.

ಕಚೇರಿ ಆದೇಶ ಹೊರಟ ಮೇಲೆ ಕೆಲಸ ಸಲೀಸಾಗಿ ನಡೆಯುತ್ತದೆ ಎಂದುಕೊಂಡಿದ್ದೆ. ಎಲ್ಲಕ್ಕಿಂತ ಕಠಿಣವಾದ ಘಟ್ಟ ಆರಂಭವಾದದ್ದು ಆಗ. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ದೂರ ಸರಿದರು. ಬಾಯಿಬಿಟ್ಟು ವಿರೋಧಿಸಿದವರಿಲ್ಲ, ಸಹಾಯ ಕೇಳಿದರೆ ಎಲ್ಲರಿಗೂ ಬೇರೆ ಕೆಲಸವಿತ್ತು. ಬಹಳ ದಿನಗಳ ನಂತರ ಒಬ್ಬ ಹಿರಿಯ ಸಹೋದ್ಯೋಗಿ ಕಾರಣ ಬಿಡಿಸಿ ಹೇಳಿದರು. ಏನೇನು ಇದೆ ಎಂದು ಪಟ್ಟಿ ಮಾಡಿದರೆ, ಏನೇನು ಇಲ್ಲ ಎಂಬುದೂ ಹೊರಬೀಳುತ್ತದೆ. ಇಲ್ಲದ ಕಡತಕ್ಕೆ ಯಾರು ಹೊಣೆ? ಹಿಂದೆ ಅಭಿಲೇಖಾಲಯದ ಪ್ರಭಾರದಲ್ಲಿದ್ದವರೇ, ಈಗ ಇರುವವರೇ, ಪಟ್ಟಿ ಮಾಡಿದವರೇ? ಇಲಾಖಾ ವಿಚಾರಣೆ ಎಂದರೆ ಏನೆಂದು ಬಲ್ಲವರಿಗೆ ಈ ಭಯ ಹುಸಿಯಲ್ಲ ಎಂಬುದೂ ಗೊತ್ತಿರುತ್ತದೆ. ಪ್ರಭಾರವನ್ನು ಎಂದೂ ಎಣಿಸಿ ಕೊಟ್ಟುದಿಲ್ಲ, ಎಣಿಸಿ ಪಡೆದುದಿಲ್ಲ. ಎಣಿಸಿದವರ ತಲೆಗೆ ಅದು ಕಟ್ಟಿಕೊಳ್ಳುತ್ತದೆ ಎಂಬ ಭಯದಿಂದಲೇ ನಮ್ಮ ಎಷ್ಟೋ ಕಚೇರಿಗಳಲ್ಲಿ ಸೂಚಿಗಳಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಸರ್ಕಾರಿ ನೌಕರರು ಬದಲಾವಣೆಗೆ ಒಗ್ಗುವುದಿಲ್ಲ ಎಂದು ಹೊರಗಿನವರು ಸುಲಭವಾಗಿ ಹೇಳಿಬಿಡುತ್ತಾರೆ. ನಾನು ಕಂಡದ್ದು ಸೋಮಾರಿತನವಲ್ಲ, ಅದು ಲೆಕ್ಕ ಹಾಕಿದ ಎಚ್ಚರಿಕೆ. ಅದನ್ನು ನಿವಾರಿಸುವ ಹೊಣೆ ಹೊಸತನ್ನು ತರಲು ಹೊರಟವರದು.

ನಾವು ಮಾಡಿದ್ದು ಇಷ್ಟು. ಪ್ರತಿ ಗ್ರಾಮದ ಕಟ್ಟುಗಳನ್ನು ಬಿಚ್ಚುವ ಮೊದಲು, ಶಿರಸ್ತೇದಾರರು ಮತ್ತು ಇಬ್ಬರು ನೌಕರರ ಸಮ್ಮುಖದಲ್ಲಿ ಒಂದು ಮಹಜರು ಬರೆದು, ಕಟ್ಟುಗಳ ಸಂಖ್ಯೆ ಮತ್ತು ಕಂಡ ಸ್ಥಿತಿಯನ್ನು ದಾಖಲಿಸಿದೆವು. ಸೂಚಿಯಲ್ಲಿ ‘ಇಲ್ಲ’ ಎಂಬ ಕಲಂ ಇಡಲಿಲ್ಲ. ‘ಪಟ್ಟಿ ಮಾಡಿದ ದಿನ ಕಂಡುಬಂದ ಸ್ಥಿತಿ’ ಎಂದು ಇಟ್ಟೆವು. ಕಂಡದ್ದನ್ನು ಮಾತ್ರ ಬರೆಯುವುದು, ಕಾರಣ ಊಹಿಸದಿರುವುದು ಎಂಬ ಸಾಲು ಕಚೇರಿ ಆದೇಶದ ತಿದ್ದುಪಡಿಯಲ್ಲಿಯೇ ಬಂತು. ಜೊತೆಗೆ ನ್ಯಾಯಾಲಯಕ್ಕೆ, ಉಪವಿಭಾಗಾಧಿಕಾರಿಗಳ ಕಚೇರಿಗೆ, ಸರ್ಕಾರಿ ವಕೀಲರಿಗೆ ಕಳಿಸಿದ ಕಡತಗಳನ್ನು, ಹೊರಗೆ ಹೋದದ್ದನ್ನು ದಾಖಲಿಸುವ ಜಾವಕ ವಹಿಗಳಿಂದ ಹೆಕ್ಕಿ ಪ್ರತ್ಯೇಕ ಪಟ್ಟಿ ಮಾಡಿದಾಗ, ಕಾಣೆಯಾಗಿದೆ ಎಂದುಕೊಂಡಿದ್ದ ಕಡತಗಳಲ್ಲಿ ಬಹುಪಾಲು ಎಲ್ಲಿಗೋ ಹೋಗಿ ಮರಳದೆ ಉಳಿದವು ಎಂದು ತಿಳಿಯಿತು. ಅಂದಿನಿಂದ ಕಡತ ಹೊರಗೆ ಹೋದಾಗಲೆಲ್ಲ ಅದರ ಜಾಗದಲ್ಲಿ ಬಣ್ಣದ ರಟ್ಟಿನ ಚೀಟಿ ಇಡುತ್ತಿದ್ದೇವೆ. ಯಾರಿಗೆ, ಯಾವ ಪ್ರಕರಣಕ್ಕೆ, ಯಾವ ದಿನ ಎಂದು ಅದರ ಮೇಲೆ ಬರೆದಿರುತ್ತದೆ. ಈ ಮಹಜರು ಮತ್ತು ಆ ಕಲಂನ ಹೆಸರು, ಎರಡೂ ಸೇರಿ ಸಹೋದ್ಯೋಗಿಗಳನ್ನು ಮರಳಿ ತಂದವು. ಹಿಂದೆ ಪ್ರಭಾರದಲ್ಲಿದ್ದ ಒಬ್ಬರು ತಾವಾಗಿಯೇ ಬಂದು ಕುಳಿತು, ತಮ್ಮ ಕಾಲದ ಕಟ್ಟುಗಳ ಗುರುತು ಹೇಳಿಕೊಟ್ಟರು.

ಅಭಿಲೇಖಾಲಯದ ಆ ಹಿರಿಯ ನೌಕರರ ವಿಷಯ ಇನ್ನೂ ಸೂಕ್ಷ್ಮವಾಗಿತ್ತು. ಅವರಿಲ್ಲದೆ ಸೂಚಿ ಸಾಧ್ಯವಿರಲಿಲ್ಲ. ಸೂಚಿ ಮುಗಿದರೆ ಅವರ ನೆನಪಿಗೆ ಇದ್ದ ಬೆಲೆ ಹೋಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ‘ಎಲ್ಲ ಪುಸ್ತಕಕ್ಕೆ ಏರಿಸಿಬಿಟ್ಟರೆ ನಮ್ಮನ್ನು ಯಾರು ಕೇಳುತ್ತಾರೆ ಮೇಡಂ?’ ಎಂದು ಒಂದು ಸಂಜೆ ಕೇಳಿಯೇಬಿಟ್ಟರು. ‘ಅಣ್ಣ, ನೀವು ನಿವೃತ್ತರಾದ ಮರುದಿನ ಬರುವ ಅರ್ಜಿದಾರರಿಗೆ ಯಾರು ಹೇಳುತ್ತಾರೆ?’ ಎಂದೆ. ಅವರು ಆಗ ಉತ್ತರಿಸಲಿಲ್ಲ. ಆದರೆ ಪ್ರತಿ ಸಂಪುಟದ ಮೊದಲ ಪುಟದಲ್ಲಿ ‘ಕಡತಗಳನ್ನು ಗುರುತಿಸಿಕೊಟ್ಟವರು’ ಎಂದು ಅವರ ಹೆಸರು ಇರಬೇಕೆಂದು ನಾನು ಬರೆದ ಟಿಪ್ಪಣಿಗೆ ತಹಶೀಲ್ದಾರರು ಅನುಮೋದನೆ ಕೊಟ್ಟ ಮೇಲೆ, ಅವರು ನನಗಿಂತ ಮುಂಚೆ ಬಂದು ಬಾಗಿಲು ತೆಗೆಯತೊಡಗಿದರು. ಹಳೆಯ ಕೈಬರಹದ ಮೊಟಕು ರೂಪಗಳು, ಯಾವ ದಶಕದಲ್ಲಿ ಯಾವ ಗುಮಾಸ್ತರು ಸಂಖ್ಯೆಯನ್ನು ಎಲ್ಲಿ ಬರೆಯುತ್ತಿದ್ದರು ಎಂಬುದು, ಇವೆಲ್ಲ ಅವರಿಂದ ಬಂದ ತಿಳಿವಳಿಕೆ. ಶ್ರೇಯಸ್ಸನ್ನು ಬರಹದಲ್ಲಿ ಕೊಡಬೇಕು. ಸಭೆಯಲ್ಲಿ ಹೊಗಳಿದರೆ ಸಾಲದು.

ಖರ್ಚಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಹೊಸ ರುಮಾಲು ಬಟ್ಟೆ, ರಟ್ಟು, ಗುರುತುಚೀಟಿ, ಮುಖಗವಸು, ನುಸಿಗುಳಿಗೆ, ಮುದ್ರಣದ ಕಾಗದ, ಇಷ್ಟಕ್ಕೆ ಬೇಕಾದದ್ದು ಕೆಲವು ಸಾವಿರ ರೂಪಾಯಿ. ಅದು ಕಚೇರಿಯ ಸಾದಿಲ್ವಾರು ವೆಚ್ಚದಲ್ಲಿ ಬಂತು. ಮೊದಮೊದಲು ನಾನು ಕೈಯಿಂದ ಹಾಕಿದ್ದೂ ಇದೆ. ಹಾಕಬೇಡಿ ಎಂದೇ ಹೇಳುತ್ತೇನೆ, ಏಕೆಂದರೆ ನಿಮ್ಮ ಜೇಬಿನಿಂದ ನಡೆಯುವ ಪದ್ಧತಿ ನೀವು ಹೋದ ದಿನ ನಿಲ್ಲುತ್ತದೆ. ಹಣಕ್ಕಿಂತ ದೊಡ್ಡ ವೆಚ್ಚ ಸಮಯ. ದಿನದ ನಕಲು ಅರ್ಜಿಗಳನ್ನು ಮುಗಿಸಿ ಮಧ್ಯಾಹ್ನದ ನಂತರವೇ ಸೂಚಿಗೆ ಕೂರಬೇಕಿತ್ತು. ಧೂಳಿನಿಂದ ಕೆಮ್ಮು ಹಿಡಿದು ರಜೆ ಹಾಕಿದ ದಿನಗಳೂ ಇವೆ. ಮುಖಗವಸನ್ನು ಮೊದಲ ದಿನದಿಂದಲೇ ಬಳಸಿ. ಕಡತಗಳಲ್ಲಿ ಎ ವರ್ಗದವು ಶಾಶ್ವತವಾಗಿ ಉಳಿಯಬೇಕಾದವು. ಅವಧಿ ಮುಗಿದ ಇತರ ವರ್ಗಗಳ ಕಡತಗಳು ಜಾಗ ತುಂಬಿಕೊಂಡಿರುವುದು ಕಂಡು ತೆಗೆದುಹಾಕುವ ಆಸೆ ಬರುತ್ತದೆ. ಅವನ್ನು ಬೇರ್ಪಡಿಸಿ ಇಡುವುದಷ್ಟೇ ನಮ್ಮ ಕೆಲಸ. ನಾಶಪಡಿಸುವುದಕ್ಕೆ ಸಕ್ಷಮ ಪ್ರಾಧಿಕಾರದ ಲಿಖಿತ ಆದೇಶವಿಲ್ಲದೆ ಒಂದು ಹಾಳೆಯನ್ನೂ ಮುಟ್ಟಬಾರದು.

ಕೆಲಸ ಒಂದು ಹದಕ್ಕೆ ಬರುವಷ್ಟರಲ್ಲಿ 2024ರ ಲೋಕಸಭಾ ಚುನಾವಣೆ ಬಂತು. ಮಾರ್ಚ್ ಮಧ್ಯದಲ್ಲಿ ನೀತಿ ಸಂಹಿತೆ ಜಾರಿಯಾಯಿತು. ಏಪ್ರಿಲ್ 26 ಮತ್ತು ಮೇ 7ರಂದು ರಾಜ್ಯದಲ್ಲಿ ಮತದಾನ. ತಾಲ್ಲೂಕು ಕಚೇರಿಯಲ್ಲಿ ಚುನಾವಣೆ ಎಂದರೆ ಉಳಿದ ಕೆಲಸಗಳೆಲ್ಲ ನಿಲ್ಲುತ್ತವೆ. ಅಭಿಲೇಖಾಲಯಕ್ಕೆ ಬೀಗ ಬಿತ್ತು, ಎಲ್ಲರೂ ಚುನಾವಣಾ ಶಾಖೆಗೆ ಹೋದೆವು. ಅದು ಮುಗಿದ ಮೇಲೆ ತಹಶೀಲ್ದಾರರ ವರ್ಗಾವಣೆಯಾಯಿತು. ಆ ವಾರ ನನಗೆ ಬಹಳ ಕುಗ್ಗಿದಂತಾಗಿತ್ತು. ಸೂಚಿ ಅರ್ಧ ತಾಲ್ಲೂಕಿಗೆ ಮಾತ್ರ ಮುಗಿದಿತ್ತು. ಅದನ್ನು ಮೆಚ್ಚಿದ ಅಧಿಕಾರಿ ಹೊರಟಿದ್ದರು. ಬರುವವರಿಗೆ ತಮ್ಮದೇ ಆದ ಆದ್ಯತೆಗಳಿರುತ್ತವೆ. ಆಗ ಕೈ ಹಿಡಿದದ್ದು ಎರಡು ಕಾಗದಗಳು. ಒಂದು ಹಳೆಯ ಕಚೇರಿ ಆದೇಶ, ಅದು ವ್ಯಕ್ತಿಯ ಹೆಸರಿನಲ್ಲಿರದೆ ‘ಅಭಿಲೇಖಾಲಯ ವಿಷಯ ನಿರ್ವಾಹಕರು’ ಎಂದು ಹುದ್ದೆಯ ಹೆಸರಿನಲ್ಲಿತ್ತು. ಇನ್ನೊಂದು ನಕಲು ಅರ್ಜಿಗಳ ವಹಿಯಲ್ಲಿ ನಾವು ಸೇರಿಸಿದ್ದ ‘ಕಡತ ಸಿಕ್ಕಿದ ದಿನಾಂಕ’ ಎಂಬ ಕಲಂ. ಈ ಕಲಂನ ಯೋಚನೆ ಬಂದದ್ದು ‘ಸಕಾಲ’ದಿಂದ, ಅಂದರೆ ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ಕಾಯ್ದೆಯಿಂದ. 2011ರ ಆ ಕಾಯ್ದೆ 2012ರ ಏಪ್ರಿಲ್‌ನಲ್ಲಿ ಜಾರಿಯಾದಾಗಿನಿಂದ ಅದರ ವ್ಯಾಪ್ತಿಯ ಪ್ರತಿ ಅರ್ಜಿಗೂ ಸಂಖ್ಯೆ ಮತ್ತು ಗಡುವು ಇದೆ, ತಡವಾದರೆ ದಿನಕ್ಕೆ ₹20ರಂತೆ ಗರಿಷ್ಠ ₹500ರವರೆಗೆ ಪರಿಹಾರವಿದೆ. ಮೊತ್ತ ಚಿಕ್ಕದು, ಆದರೆ ವಿಳಂಬವನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದೇ ಅದರ ಶಕ್ತಿ. ಹೊಸ ತಹಶೀಲ್ದಾರರು ಬಂದ ಮೇಲೆ ನಾನು ಯೋಜನೆಯ ವಿವರಣೆಗೆ ಹೋಗದೆ, ವಹಿಯ ಎರಡು ಪುಟಗಳನ್ನು ತೆರೆದಿಟ್ಟೆ. ಸೂಚಿ ಮುಗಿದ ಗ್ರಾಮಗಳಲ್ಲಿ ಅರ್ಜಿ ಬಂದ ದಿನವೇ ಅಥವಾ ಮರುದಿನ ಕಡತ ಸಿಕ್ಕಿತ್ತು. ಉಳಿದ ಗ್ರಾಮಗಳಲ್ಲಿ ಆ ಕಲಂ ವಾರಗಟ್ಟಲೆ ಖಾಲಿ ಇತ್ತು. ಅವರು ಎರಡೂ ಪುಟಗಳನ್ನು ಓದಿ, ಉಳಿದದ್ದನ್ನು ಮುಗಿಸಲು ಇನ್ನೊಬ್ಬರನ್ನು ನನ್ನ ಜೊತೆಗೆ ಹಾಕಿಕೊಟ್ಟರು.

ಒತ್ತಡಗಳೂ ಬಂದವು ಎಂಬುದನ್ನು ಬರೆಯದೆ ಬಿಡಲಾರೆ. ಹುಡುಕುವ ಕಷ್ಟವನ್ನೇ ಬಂಡವಾಳ ಮಾಡಿಕೊಂಡ ಮಧ್ಯವರ್ತಿಗಳಿಗೆ ಸೂಚಿ ಹಿಡಿಸಲಿಲ್ಲ. ಪಟ್ಟಿಯ ಪ್ರತಿ ಕೊಡಿ ಎಂದು ಬಂದವರಿದ್ದರು, ನನ್ನ ಮೇಲೆ ಸಹಿಯಿಲ್ಲದ ದೂರು ಕಳಿಸಿದವರೂ ಇದ್ದರು. ದೂರಿಗೆ ಉತ್ತರ ಕೊಡುವಾಗ ಮಹಜರುಗಳ ಕಡತವೇ ನನ್ನ ಪರವಾಗಿ ನಿಂತಿತು. ಪ್ರತಿ ಕೇಳಿದವರಿಗೆ ಅರ್ಜಿ ಸಲ್ಲಿಸಲು ತಿಳಿಸಿ, ಸೂಚಿಯ ಒಂದು ಮುದ್ರಿತ ಪ್ರತಿಯನ್ನು ಸಾರ್ವಜನಿಕರು ನೋಡಲು ಕಚೇರಿಯಲ್ಲಿಯೇ ಇಡಲು ಒಪ್ಪಿಗೆ ಪಡೆದೆವು. ಅಲ್ಲಿಂದ ಮುಂದೆ ಈ ಗಲಾಟೆ ಅಡಗಿತು.

ಇದೇ ಅವಧಿಯಲ್ಲಿ ಕಂದಾಯ ಇಲಾಖೆಯ ಭೂ ಸುರಕ್ಷಾ ಯೋಜನೆಯಡಿ ಅಭಿಲೇಖಾಲಯಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಆರಂಭವಾಯಿತು. ಹಾಗಾದರೆ ನಮ್ಮ ಸೂಚಿ ವ್ಯರ್ಥವಾಯಿತೇ ಎಂದು ಕೆಲವರು ಕೇಳಿದರು. ಆದದ್ದು ಬೇರೆ. ಸ್ಕ್ಯಾನ್ ಆದ ಪುಟವೂ ಯಾವ ಗ್ರಾಮದ್ದು, ಯಾವ ಸರ್ವೆ ನಂಬರಿನದು, ಯಾವ ಕಡತದ್ದು ಎಂಬ ವಿವರವಿಲ್ಲದಿದ್ದರೆ ಹುಡುಕಲು ಸಿಗುವುದಿಲ್ಲ. ನಮ್ಮಲ್ಲಿ ಆ ವಿವರ ಸಿದ್ಧವಾಗಿತ್ತು, ಕಟ್ಟುಗಳು ಕ್ರಮದಲ್ಲಿದ್ದವು, ಪುಟಸಂಖ್ಯೆ ಬಿದ್ದಿತ್ತು. ದೊಡ್ಡ ಯೋಜನೆ ಬರುತ್ತದೆ ಎಂದು ಕಾಯುತ್ತ ಕೂತಿದ್ದರೆ, ಅದು ಬಂದ ದಿನ ನಾವು ರುಮಾಲು ಬಿಚ್ಚಲು ಆರಂಭಿಸಬೇಕಾಗುತ್ತಿತ್ತು.

ನನ್ನ ವರ್ಗಾವಣೆ ಆದೇಶ ಬಂದಾಗ ಕೊನೆಯ ಹೋಬಳಿಯ ಕೆಲಸ ಮುಗಿಯುವ ಹಂತದಲ್ಲಿತ್ತು. ಬಿಡುಗಡೆಗೆ ಮುಂಚೆ ಮಾಡಿದ ಕೆಲಸಗಳನ್ನು, ನೀವೂ ಮಾಡಬೇಕಾಗಿ ಬರುವುದರಿಂದ, ಹೇಳುತ್ತೇನೆ. ಸೂಚಿಗೆ ಹೊಸ ಕಡತವನ್ನು ಸೇರಿಸುವ ವಿಧಾನವನ್ನು ಒಂದೂವರೆ ಪುಟದ ಟಿಪ್ಪಣಿಯಾಗಿ ಬರೆದು, ಅದನ್ನು ಬೇರೆ ಶಾಖೆಯವರೊಬ್ಬರಿಂದ ಓದಿಸಿ, ನನ್ನನ್ನು ಏನೂ ಕೇಳದೆ ಅವರು ಒಂದು ಕಡತ ಸೇರಿಸಲು ಸಾಧ್ಯವೇ ಎಂದು ನೋಡಿದೆ; ಅವರು ತಡವರಿಸಿದ ಕಡೆಗಳನ್ನೆಲ್ಲ ಬಿಡಿಸಿ ಬರೆದೆ. ಯಾವ ಶಾಖೆಯಿಂದ ಕಡತ ಅಭಿಲೇಖಾಲಯಕ್ಕೆ ಬಂದರೂ ಸೂಚಿಯ ಕ್ರಮಸಂಖ್ಯೆ ಬೀಳದೆ ಸ್ವೀಕೃತಿ ಕೊಡಬಾರದೆಂದು ಕಚೇರಿ ಆದೇಶಕ್ಕೆ ಒಂದು ಕಂಡಿಕೆ ಸೇರಿಸಿಸಿದೆ. ಗಣಕದ ಪ್ರತಿಯ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಶಿರಸ್ತೇದಾರರಿಗೆ ಕೊಟ್ಟು ಸ್ವೀಕೃತಿ ಪಡೆದೆ. ಆಮೇಲೆ ಪ್ರಭಾರ ಪಟ್ಟಿಯಲ್ಲಿ ಆ ಸಾಲನ್ನು ಬರೆದು, ಸಂಪುಟಗಳನ್ನು ಎಣಿಸಿ ಕೊಟ್ಟೆ. ಬಂದವರು ಎಣಿಸಿ ಪಡೆದರು.

ಇನ್ನೂ ಬಾಕಿ ಇರುವುದು ನ್ಯಾಯಾಲಯಗಳಿಗೆ ಹೋಗಿ ಮರಳದ ಕಡತಗಳ ಪಟ್ಟಿ. ಪ್ರಕರಣ ಮುಗಿದವುಗಳನ್ನು ವಾಪಸು ಪಡೆಯಲು ಸರ್ಕಾರಿ ವಕೀಲರ ಮೂಲಕ ಪತ್ರ ವ್ಯವಹಾರ ಆರಂಭವಾಗಿದೆ, ಅದನ್ನು ನನ್ನ ನಂತರದವರು ಮುಂದುವರಿಸುತ್ತಿದ್ದಾರೆ. ಹೊಸ ಕಚೇರಿಯಲ್ಲಿ ನನಗೆ ಆವಕ ಶಾಖೆ ಕೊಟ್ಟಿದ್ದಾರೆ. ನಿಮ್ಮಲ್ಲಿ ಯಾರಾದರೂ ಅಭಿಲೇಖಾಲಯದ ಸೂಚಿಗೆ ಕೈಹಾಕುವುದಾದರೆ, ಕಟ್ಟು ಬಿಚ್ಚುವುದಕ್ಕೂ ಮೊದಲು ಹಳೆಯ ಜಾವಕ ವಹಿಗಳನ್ನು ತೆಗೆದು, ಹೊರಗೆ ಹೋದ ಕಡತಗಳ ಪಟ್ಟಿಯನ್ನು ಮಾಡಿಕೊಳ್ಳಿ.